ಟೊಂಕದ ಬ್ಯಾನಿ, ಕೀಲುಬಾವು, ಸಂಧಿವಾತ: ಯಾವುದು ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. 25ನೇ ವಯಸ್ಸಿಗೆ ಶುರುವಾದ ಟೊಂಕದ ನೋವಿಗೆ ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್, ಅಂದರೆ ಬೆನ್ನೆಲುಬಿನ ಕೀಲುಗಳು ಒಳಗೊಳಗೇ ಕೆರಳಿ ಬಾಯುವ ಉರಿಯೂತದ ಕಾಯಿಲೆ, ಎಂಬ ಸರಿಯಾದ ಹೆಸರು ಸಿಕ್ಕಾಗ ನನಗೆ 32. ನಡುವಿನ ಏಳು ವರ್ಷ ಡಿಸ್ಕ್ ಸರಿದಿದ್ದು, ಬಾಣಂತನದಲ್ಲಿ ಥಂಡಿ ಹತ್ತಿದ್ದು, ಕ್ಯಾಲ್ಸಿಯಂ ಕಡಿಮೆಯಾಗಿದ್ದು, ಕೊನೆಗೆ "ಟೆನ್ಶನ್" ಎಂಬ ನಾಲ್ಕು ಹೆಸರು ಹೊತ್ತುಕೊಂಡು ತಿರುಗಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಪಾಳಿ ಕಾಯುತ್ತ ಕೂತಾಗ ಅಕ್ಕಪಕ್ಕದವರು ಕೇಳಿದ ಪ್ರಶ್ನೆಗಳು, ಆಮೇಲೆ ಪರಿಚಯದವರು ಫೋನ್ ಮಾಡಿ ಕೇಳಿದ ಪ್ರಶ್ನೆಗಳು ಇಲ್ಲಿವೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವೈದ್ಯಳಲ್ಲ. ನಿಮ್ಮ ಕಾಯಿಲೆ ಯಾವುದೆಂದು ಇದನ್ನು ಓದಿ ನೀವೇ ತೀರ್ಮಾನಿಸಬೇಡಿ. ವೈದ್ಯರ ಮುಂದೆ ಕೂತಾಗ ಯಾವ ಮಾತನ್ನು ಬಿಡದೆ ಹೇಳಬೇಕು ಎನ್ನುವುದು ತಿಳಿದರೆ ಸಾಕು ಎಂದು ಬರೆದಿದ್ದೇನೆ.

ಇಷ್ಟೆಲ್ಲಾ ಹೆಸರು ಹೇಳ್ತಾರಲ್ರೀ, ಇವೆಲ್ಲಾ ಬ್ಯಾರೆ ಬ್ಯಾರೆ ರೋಗನೋ, ಒಂದಽ ರೋಗಕ್ಕ ಹತ್ತು ಹೆಸರೋ?

ಎರಡೂ ಸ್ವಲ್ಪ ಸ್ವಲ್ಪ ನಿಜ. ನಾವು "ವಾತ", "ಸಂಧಿವಾತ" ಎಂದು ಒಂದೇ ಮಾತಿನಲ್ಲಿ ಮುಗಿಸುವುದರ ಒಳಗೆ ಎರಡು ಬೇರೆ ಮನೆತನಗಳಿವೆ. ಒಂದು ರುಮಟಾಯ್ಡ್ ಆರ್ಥ್ರೈಟಿಸ್, ಆಯುರ್ವೇದದವರು ಆಮವಾತ ಅನ್ನುವುದಕ್ಕೆ ಹತ್ತಿರದ್ದು. ಇದು ಹೆಚ್ಚಾಗಿ ಕೈಕಾಲಿನ ಸಣ್ಣ ಕೀಲುಗಳಿಗೆ ಬರುತ್ತದೆ. ಇನ್ನೊಂದು ಸ್ಪಾಂಡಿಲೋಆರ್ಥ್ರೈಟಿಸ್ ಎಂಬ ಮನೆತನ. ಬೆನ್ನೆಲುಬಿಗೆ ಬರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆಗಿನ ಕೀಲುಬಾವು, ಭೇದಿ ಅಥವಾ ಮೂತ್ರದ ಸೋಂಕಿನ ನಂತರ ಬರುವ ರಿಯಾಕ್ಟಿವ್ ಆರ್ಥ್ರೈಟಿಸ್, ಕರುಳಿನ ಉರಿಯೂತದ ಜೊತೆ ಬರುವ ಕೀಲುನೋವು, ಮಕ್ಕಳಲ್ಲಿ ಬರುವ ಒಂದು ಬಗೆ, ಇವೆಲ್ಲ ಆ ಮನೆಯ ಅಣ್ಣತಮ್ಮಂದಿರು.

ಇವರನ್ನು ಒಂದೇ ಮನೆಯವರೆಂದು ವೈದ್ಯರು ಗುರುತಿಸಿದ್ದು 1974ರ ಸುಮಾರಿಗೆ, ಇಂಗ್ಲೆಂಡಿನ ಮಾಲ್ ಮತ್ತು ರೈಟ್ ಅವರ ಕೆಲಸದಿಂದ. ಅಲ್ಲಿಯವರೆಗೆ ಇವುಗಳಲ್ಲಿ ಕೆಲವನ್ನು ರುಮಟಾಯ್ಡ್‌ನದೇ ಒಂದು ರೂಪ ಎಂದುಕೊಂಡಿದ್ದರು. ಒಂದೇ ಮನೆಯವರೆಂದು ತಿಳಿಯುವುದು ಹೇಗೆ? ಟೊಂಕದ ಕೆಳಗಿನ ಸ್ಯಾಕ್ರೊಇಲಿಯಾಕ್ ಕೀಲು, ಅಂದರೆ ಎಸ್‌ಐ ಕೀಲಿನ ಉರಿಯೂತ, ಕಣ್ಣಿನ ಒಳಗಿನ ಉರಿಯೂತ, ಹಿಮ್ಮಡಿ ನೋವು, ಚರ್ಮ ಅಥವಾ ಕರುಳಿನ ತೊಂದರೆ, ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿ, ಇವು ಆ ಮನೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಕಾಣಿಸುತ್ತವೆ. ಒಬ್ಬರಿಗೇ ಎರಡು ಮೂರು ಸೇರಿ ಬರುವುದೂ ಉಂಟು. ಇವತ್ತು ಸೋರಿಯಾಸಿಸ್ ಕೀಲುಬಾವು ಎಂದವರಿಗೆ ಐದು ವರ್ಷದ ಮೇಲೆ ಬೆನ್ನೂ ಹಿಡಿದರೆ ಮೊದಲು ಹೇಳಿದ್ದು ತಪ್ಪು ಎಂದಲ್ಲ.

ಟೊಂಕನೋವು ಎಲ್ಲಾರಿಗೂ ಇರ್ತೇತಿ. ನಂದು ಉರಿಯೂತದ್ದು ಅಂತ ಹೆಂಗ್ ಗೊತ್ತಾಗ್ಬೇಕ್ರೀ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ನನಗೆ ಈ ಒಂದು ಪ್ರಶ್ನೆಯನ್ನು ಯಾರಾದರೂ ಮೊದಲೇ ಕೇಳಿದ್ದರೆ ಏಳು ವರ್ಷ ಉಳಿಯುತ್ತಿತ್ತು.

ಬ್ಯಾಡಗಿಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳ ಟೊಂಕ ನೋಯುತ್ತದೆ. ಆಕೆಯ ನೋವು ಸಂಜೆಗೆ ಹೆಚ್ಚು. ರಾತ್ರಿ ಮೈಚಾಚಿದರೆ ಇಳಿಯುತ್ತದೆ, ಬೆಳಿಗ್ಗೆ ಎದ್ದಾಗ ಹಗುರ. ಇದು ದುಡಿಮೆಯ ನೋವು, ಸ್ನಾಯುವಿನದೋ ಡಿಸ್ಕಿನದೋ ಇರಬಹುದು. ಉರಿಯೂತದ ನೋವು ಇದಕ್ಕೆ ಪೂರಾ ಉಲ್ಟಾ. ವಿಶ್ರಾಂತಿಯಿಂದ ಕೆಡುತ್ತದೆ, ಓಡಾಟದಿಂದ ಇಳಿಯುತ್ತದೆ. ನನಗೆ ನಸುಕಿನ ಮೂರೂವರೆ, ನಾಲ್ಕಕ್ಕೆ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಮಂಚದ ಪಟ್ಟಿ ಹಿಡಿಯಬೇಕು. ಎದ್ದು ಅಂಗಳದಲ್ಲಿ ಅರ್ಧ ತಾಸು ಅಡ್ಡಾಡಿದರೆ ಬಿಡುತ್ತಿತ್ತು. ಶಾಲೆಯಲ್ಲಿ ದಿನವೆಲ್ಲ ನಿಂತು ಪಾಠ ಮಾಡಿದರೆ ಏನೂ ಇಲ್ಲ, ರವಿವಾರ ಮಲಗಿದರೆ ಸೋಮವಾರ ಕಷ್ಟ. "ವಿಶ್ರಾಂತಿ ತಗೊಳ್ರಿ" ಎಂದು ಎಲ್ಲರೂ ಹೇಳುತ್ತಿದ್ದರು. ತಗೊಂಡಷ್ಟೂ ಕೆಟ್ಟೆ.

ವೈದ್ಯರು ನೋಡುವ ಗುರುತುಗಳು ಇವು. ನೋವು 45 ವರ್ಷದೊಳಗೆ, ಬಹುತೇಕರಿಗೆ ಇಪ್ಪತ್ತರ ಹರೆಯದಲ್ಲಿ, ಶುರುವಾಗಿರುತ್ತದೆ. ಭಾರ ಎತ್ತಿದಾಗ ಕಟ್ಟೆಂದು ಹಿಡಿದದ್ದಲ್ಲ, ಯಾವಾಗ ಶುರುವಾಯಿತೆಂದು ಹೇಳಲು ಬಾರದಂತೆ ಮೆಲ್ಲಗೆ ಬಂದದ್ದು. ಮೂರು ತಿಂಗಳಿಗಿಂತ ಹೆಚ್ಚು ಉಳಿದಿರುತ್ತದೆ. ಬೆಳಗಿನ ಬಿಗಿತ ಅರ್ಧ ತಾಸಿಗಿಂತ ಹೆಚ್ಚು. ಇನ್ನೊಂದನ್ನು ಜನ ನಾಚಿಕೊಂಡು ಹೇಳುವುದಿಲ್ಲ: ನೋವು ಪಿರ್ರೆಯಲ್ಲಿ, ಕೆಲವು ದಿನ ಬಲಕ್ಕೆ, ಕೆಲವು ದಿನ ಎಡಕ್ಕೆ. ದಯವಿಟ್ಟು ಹೇಳಿ. ಎಸ್‌ಐ ಕೀಲಿನ ನೋವು ಕಾಣಿಸುವುದೇ ಅಲ್ಲಿ. ಅದು ತೊಡೆಯ ಹಿಂಭಾಗಕ್ಕೂ ಇಳಿಯುತ್ತದೆ, ಆದರೆ ಮೊಣಕಾಲು ದಾಟಿ ಪಾದದವರೆಗೆ ಜುಮ್ಮೆಂದು ಹೋಗುವುದು ಹೆಚ್ಚಾಗಿ ನರ ಒತ್ತಿದ ಸಯಾಟಿಕಾದಲ್ಲಿ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿ ಡಿಸ್ಕ್ ಎಂದುಕೊಂಡು ಬೆಲ್ಟ್ ಕಟ್ಟಿಕೊಂಡು ವರ್ಷಗಟ್ಟಲೆ ಮಲಗಿದ್ದಾರೆ.

ಒಂದು ಎಚ್ಚರಿಕೆ. ಬೆನ್ನುನೋವಿನ ಜೊತೆ ಮೂತ್ರ ಮಲದ ಹಿಡಿತ ತಪ್ಪಿದರೆ ಅಥವಾ ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಬರುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನೂ ತಡ ಮಾಡದೆ ತೋರಿಸಿ.

ನಮ್ಮ ಕಾಕಾಗ ಸ್ಪಾಂಡಿಲೈಟಿಸ್ ಅಂತ ಕುತ್ತಿಗಿಗೆ ಪಟ್ಟಿ ಹಾಕ್ಯಾರ. ನಿಮ್ದೂ ಅದಽನಾ?

ಅಲ್ಲ. ನಮ್ಮ ಕಡೆ ಕುತ್ತಿಗೆ ಹಿಡಿದವರಿಗೆಲ್ಲ "ಸ್ಪಾಂಡಿಲೈಟಿಸ್" ಎನ್ನುವ ರೂಢಿ ಬಿದ್ದಿದೆ. ವಯಸ್ಸಾದಂತೆ ಬೆನ್ನೆಲುಬು ಸವೆದು ಬರುವುದು ಸ್ಪಾಂಡಿಲೋಸಿಸ್, ಐವತ್ತು ದಾಟಿದವರ ಎಕ್ಸ್‌ರೇ ತೆಗೆದರೆ ಬಹಳ ಮಂದಿಗೆ ಕಾಣುತ್ತದೆ. ಉರಿಯೂತದಿಂದ ಹರೆಯದಲ್ಲಿ ಬರುವುದು ಸ್ಪಾಂಡಿಲೈಟಿಸ್. ಕೊನೆಯ ಎರಡಕ್ಷರ ಬದಲಾದರೆ ಕಾಯಿಲೆಯೇ ಬೇರೆ, ಔಷಧವೇ ಬೇರೆ. ಚೀಟಿಯಲ್ಲಿ ಏನು ಬರೆದಿದೆ ಎಂದು ವೈದ್ಯರನ್ನೇ ಓದಿ ಹೇಳಲು ಕೇಳಿ.

ಎಕ್ಸ್‌ರೇದಾಗ ಏನೂ ಇಲ್ಲಂದ್ರು. ಮತ್ತ ಯಾಕ ಎಂಆರ್‌ಐ ಬರದ್ರು?

ಎಕ್ಸ್‌ರೇ ತೋರಿಸುವುದು ಎಲುಬಿಗೆ ಆಗಿಹೋದ ಹಾನಿಯನ್ನು. ಎಸ್‌ಐ ಕೀಲು ಸವೆದು, ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ವರ್ಷಗಳೇ ಹೋಗಿರುತ್ತವೆ. ಎಷ್ಟೋ ಮಂದಿಗೆ ಅದು ಯಾವತ್ತೂ ಆ ಮಟ್ಟಕ್ಕೆ ಹೋಗುವುದೂ ಇಲ್ಲ. ಎಂಆರ್‌ಐಯಲ್ಲಿ ಎಲುಬಿನೊಳಗಿನ ಊತ, ಅಂದರೆ ಈಗ ಹೊತ್ತಿ ಉರಿಯುತ್ತಿರುವುದು, ಕಾಣುತ್ತದೆ.

ಹೆಸರಿನ ಗೊಂದಲವೂ ಇಲ್ಲಿಯದೇ. 1984ರ ನ್ಯೂಯಾರ್ಕ್ ಮಾನದಂಡದ ಪ್ರಕಾರ ಎಕ್ಸ್‌ರೇಯಲ್ಲಿ ಎಸ್‌ಐ ಕೀಲಿನ ಹಾನಿ ಕಂಡರೆ ಮಾತ್ರ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಎಕ್ಸ್‌ರೇ ಸ್ವಚ್ಛ ಇದ್ದು ನರಳುತ್ತಿದ್ದವರಿಗೆ ಹೆಸರೇ ಇರಲಿಲ್ಲ. 2009ರಲ್ಲಿ ಆಸಾಸ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು ಎಂಆರ್‌ಐಯನ್ನೂ ಲೆಕ್ಕಕ್ಕೆ ಹಿಡಿದು ಎರಡನ್ನೂ "ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್" ಎಂಬ ಒಂದೇ ಹೆಸರಿನಡಿ ತಂದಿತು. ಎಕ್ಸ್‌ರೇಯಲ್ಲಿ ಕಾಣದ ಬಗೆಗೆ ನಾನ್-ರೇಡಿಯೋಗ್ರಾಫಿಕ್ ಎನ್ನುತ್ತಾರೆ. ಅದು ಸೌಮ್ಯ ಕಾಯಿಲೆ ಎಂದು ತಿಳಿಯಬೇಡಿ. ನೋವು, ದಣಿವು, ನಿದ್ದೆಗೇಡು ಎರಡರಲ್ಲೂ ಅಷ್ಟೇ. ನನ್ನದು ಇದೇ ಬಗೆ.

ಎಂಆರ್‌ಐ ಬರೆದರೆ ಯಾವ ಭಾಗದ್ದು ಎಂದು ಕೇಳಿ. ಸೊಂಟದ ಬೆನ್ನೆಲುಬಿನದಷ್ಟೇ ತೆಗೆದರೆ ಎಸ್‌ಐ ಕೀಲು ಸರಿಯಾಗಿ ಸಿಗುವುದಿಲ್ಲ. ನನ್ನ ಮೊದಲ ಎಂಆರ್‌ಐ ಹಾಗೇ ಆಗಿತ್ತು. "ಡಿಸ್ಕ್ ಸ್ವಲ್ಪ ಉಬ್ಬಿದೆ" ಎಂಬ ಒಂದು ಸಾಲಿನ ರಿಪೋರ್ಟು ನನ್ನನ್ನು ಎರಡು ವರ್ಷ ದಾರಿ ತಪ್ಪಿಸಿತು. ಆ ಸಾಲು ಆರೋಗ್ಯವಂತರ ರಿಪೋರ್ಟಿನಲ್ಲೂ ಧಾರಾಳವಾಗಿ ಬರುತ್ತದೆ. ಎಂಆರ್‌ಐಯೇ ಕೊನೆಯ ಮಾತೂ ಅಲ್ಲ. ಹೆರಿಗೆಯಾದ ಕೆಲವು ತಿಂಗಳವರೆಗೆ ತಾಯಂದಿರಲ್ಲಿ, ಓಟಗಾರರಲ್ಲಿ ಕೂಡ ಆ ಕೀಲಿನ ಬಳಿ ಊತ ಕಾಣಬಹುದು.

ಎಚ್‌ಎಲ್‌ಎ-ಬಿ27 ಪಾಸಿಟಿವ್ ಬಂದೈತ್ರೀ. ಮುಗೀತಲ್ಲ ಹಂಗಾದ್ರ?

ಏನೂ ಮುಗಿದಿಲ್ಲ. ಈ ಪ್ರಶ್ನೆ ಕೇಳುವವರ ದನಿಯಲ್ಲಿನ ಹೆದರಿಕೆ ನನಗೆ ಗೊತ್ತು, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಬಿ27 ಕಾಯಿಲೆಯ ಹೆಸರಲ್ಲ, ರಕ್ತದ ಗುಂಪು ಇದ್ದ ಹಾಗೆ ಹುಟ್ಟಿನಿಂದ ಬಂದ ಒಂದು ಗುರುತು. 1973ರಲ್ಲಿ ಲಂಡನ್ ಮತ್ತು ಲಾಸ್ ಏಂಜಲಿಸ್‌ನ ಎರಡು ತಂಡಗಳು ಇದಕ್ಕೂ ಬೆನ್ನೆಲುಬಿನ ಕಾಯಿಲೆಗೂ ಇರುವ ನಂಟನ್ನು ಕಂಡವು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಲ್ಲಿ ಬಹುಪಾಲು ಮಂದಿಗೆ ಇದು ಇರುತ್ತದೆ. ಆದರೆ ತಿರುಗಿಸಿ ನೋಡಿ: ಯಾವ ನೋವೂ ಇಲ್ಲದ ಜನರಲ್ಲೂ ನೂರಕ್ಕೆ ಕೆಲವರಿಗೆ ಬಿ27 ಇದೆ, ಅವರಲ್ಲಿ ಬಹುತೇಕರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುವುದಿಲ್ಲ. ಬರುವವರು ನೂರಕ್ಕೆ ಸುಮಾರು 5 ಮಂದಿ ಎನ್ನುತ್ತಾರೆ. ಒಡಹುಟ್ಟಿದವರಿಗೋ ತಂದೆತಾಯಿಗೋ ಕಾಯಿಲೆ ಇದ್ದರೆ ಆ ಲೆಕ್ಕ ಮೇಲೇರುತ್ತದೆ.

ನೆಗೆಟಿವ್ ಬಂದರೂ ಹಾಗೇ, ಕಾಯಿಲೆ ಇಲ್ಲವೆಂದಲ್ಲ. ಸೋರಿಯಾಸಿಸ್ ಮತ್ತು ಕರುಳಿನ ಜೊತೆ ಬರುವ ಬಗೆಗಳಲ್ಲಿ ಬಿ27 ಇಲ್ಲದವರು ಬಹಳ. ನಸುಕಿನ ನೋವಿನ ಕಥೆ ಇರುವವರಲ್ಲಿ ಈ ಪರೀಕ್ಷೆಗೆ ತೂಕ ಬರುತ್ತದೆ, ಕಥೆ ಇಲ್ಲದವರಲ್ಲಿ ಅದು ಬರೀ ಒಂದು ಚೀಟಿ. ಒಮ್ಮೆ ಮಾಡಿಸಿದರೆ ಸಾಕು, ಮತ್ತೆ ಬದಲಾಗುವುದಿಲ್ಲ. ವರ್ಷವರ್ಷ ಮಾಡಿಸಿ ದುಡ್ಡು ಕಳೆಯಬೇಡಿ. ಮೈಮೇಲೆ ಯಾವ ತ್ರಾಸೂ ಇಲ್ಲದ ಮಕ್ಕಳಿಗೆ ಮಾಡಿಸುವ ಅವಸರ ಬೇಡ. ಪಾಸಿಟಿವ್ ಬಂದರೆ ಕೊಡಲು ಔಷಧವಿಲ್ಲ, ಹೆದರಿಕೆ ಮಾತ್ರ ಮನೆಯೊಳಗೆ ಬರುತ್ತದೆ. ಮಗಳ ಮದುವೆ ಮಾತುಕತೆಯಲ್ಲಿ ಈ ರಿಪೋರ್ಟು ಎಳೆದು ತರುವವರನ್ನೂ ಕಂಡಿದ್ದೇನೆ. ತೀರಾ ಅನ್ಯಾಯ ಅದು.

ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತು. ವಾತ ಇಲ್ಲ ಅಂತಾತಲ್ಲ?

ಇಲ್ಲ. ಆರ್‌ಎ ಫ್ಯಾಕ್ಟರ್ ಮತ್ತು ಆ್ಯಂಟಿ-ಸಿಸಿಪಿ ಎಂಬ ಎರಡು ಪರೀಕ್ಷೆಗಳು ರುಮಟಾಯ್ಡ್ ಮನೆತನದ ಗುರುತು. ನಮ್ಮ ಮನೆತನದಲ್ಲಿ ಅವು ಸಾಮಾನ್ಯವಾಗಿ ನೆಗೆಟಿವ್ ಇರುವುದೇ ಲಕ್ಷಣ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ "ಸೆರೋನೆಗೆಟಿವ್" ಎನ್ನುತ್ತಿದ್ದದ್ದು ಅದಕ್ಕೇ. ಆರ್‌ಎ ಫ್ಯಾಕ್ಟರ್ ವಯಸ್ಸಾದ ಆರೋಗ್ಯವಂತರಲ್ಲೂ, ಬೇರೆ ಸೋಂಕುಗಳಲ್ಲೂ ಪಾಸಿಟಿವ್ ಬರಬಹುದು. ಆ್ಯಂಟಿ-ಸಿಸಿಪಿ ಮಾತು ಹೆಚ್ಚು ಗಟ್ಟಿ. ಉರಿಯೂತದ ಮಟ್ಟ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್ಆರ್, ಸಿಆರ್‌ಪಿ ಸರಿಯಿದ್ದರೂ ಬೆನ್ನಿನ ಉರಿಯೂತ ಇರಬಹುದು, ಅದೂ ಗೊತ್ತಿರಲಿ.

ಕೈ ನೋಡಿ ಗುರುತಿಸುವುದು ಇನ್ನೂ ಚೆನ್ನ. ರುಮಟಾಯ್ಡ್‌ನಲ್ಲಿ ಮಣಿಕಟ್ಟು, ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣುಗಳು ಎರಡೂ ಕೈಯಲ್ಲಿ ಸಮಸಮ ಬಾಯುತ್ತವೆ. ಹಿಟ್ಟು ನಾದಿ ರೊಟ್ಟಿ ಬಡಿಯಲು ಆಗದು, ಬೆಳಿಗ್ಗೆ ಮುಷ್ಟಿ ಕಟ್ಟಲು ಬಾರದು. ಉಗುರಿನ ಹತ್ತಿರದ ಕೊನೆಯ ಗೆಣ್ಣನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೆನ್ನಲ್ಲಿ ಕುತ್ತಿಗೆಯ ಮೇಲ್ತುದಿ ಬಿಟ್ಟು ಬೇರೆಡೆ ಕೈ ಹಾಕುವುದು ಅಪರೂಪ. ಹೆಂಗಸರಲ್ಲಿ ಹೆಚ್ಚು. ನಮ್ಮ ಮನೆತನದ್ದು ಕಾಲಿನ ಕಡೆ ಹೆಚ್ಚು ವಾಲುತ್ತದೆ. ಒಂದು ಮೊಣಕಾಲು, ಒಂದು ಕಣಕಾಲು, ಹಿಮ್ಮಡಿ. ಒಂದೇ ಬದಿಗೆ, ಅಳತೆಯಿಲ್ಲದಂತೆ. ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗದಲ್ಲಿ ಬೇನೆ ಇರುತ್ತದೆ. ಬೆಳಿಗ್ಗೆ ನೆಲಕ್ಕೆ ಹಿಮ್ಮಡಿ ಊರಲು ಆಗದಿದ್ದರೆ ಅದನ್ನು ಬರೀ ಚಪ್ಪಲಿಯ ತಪ್ಪು ಎಂದುಕೊಳ್ಳಬೇಡಿ.

ನನಗ ತಲ್ಯಾಗ ಹೊಟ್ಟು ಭಾಳ, ಈಗ ಬೆರಳೂ ಬಾತೈತಿ. ಎರಡಕ್ಕೂ ಏನ್ ಸಂಬಂಧ?

ಬಹಳ ಸಂಬಂಧ ಇರಬಹುದು. ಆ ಹೊಟ್ಟು ಸೋರಿಯಾಸಿಸ್ ಆಗಿದ್ದರೆ ಬೆರಳಿನ ಬಾವು ಸೋರಿಯಾಟಿಕ್ ಆರ್ಥ್ರೈಟಿಸ್ ಇರಬಹುದು. ಹೆಚ್ಚಿನವರಿಗೆ ಚರ್ಮದ ತೊಂದರೆ ಮೊದಲು, ಕೀಲು ಆಮೇಲೆ. ಕೆಲವರಿಗೆ ಉಲ್ಟಾ, ಕೀಲು ಮೊದಲು ಬಾತು ಚರ್ಮ ವರ್ಷಗಳ ಮೇಲೆ ತೋರುತ್ತದೆ. ಚರ್ಮದ ಕಲೆ ಸಣ್ಣದಿದ್ದರೆ ಕೀಲುಬಾವೂ ಸಣ್ಣದು ಎಂಬ ಲೆಕ್ಕ ಇಲ್ಲ.

ಇದರ ಗುರುತು ಸ್ಪಷ್ಟ: ಒಂದು ಬೆರಳು ಬುಡದಿಂದ ತುದಿವರೆಗೆ ಬಾಳೆಹಣ್ಣಿನ ಹಾಗೆ ಇಡಿಯಾಗಿ ಬಾಯುತ್ತದೆ, ಗೆಣ್ಣಷ್ಟೇ ಅಲ್ಲ. ಉಗುರಿನ ಹತ್ತಿರದ ಕೊನೆಯ ಗೆಣ್ಣೂ ಬಾಯುತ್ತದೆ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳು, ಉಗುರು ಕೆಳಗಿನ ಚರ್ಮ ಬಿಟ್ಟು ಏಳುವುದು. ಸೋರಿಯಾಸಿಸ್ ಅಡಗುವ ಜಾಗಗಳು ತಲೆ, ಕಿವಿಯ ಹಿಂದೆ, ಹೊಕ್ಕಳು, ಪಿರ್ರೆಯ ಸಂದು. ನಮ್ಮ ಹೆಣ್ಣುಮಕ್ಕಳು ಇವನ್ನು ತೋರಿಸುವುದೇ ಇಲ್ಲ. ಕೀಲಿನ ವೈದ್ಯರ ಹತ್ತಿರ ಹೋದಾಗ ಚರ್ಮದ ಮಾತು ಯಾಕೆ ಎಂದುಕೊಳ್ಳುತ್ತಾರೆ. ಉಗುರಿಗೆ ಬಣ್ಣ, ಮೆಹಂದಿ ಹಚ್ಚಿಕೊಂಡು ಹೋಗಬೇಡಿ. ಮನೆಯಲ್ಲಿ ತಂದೆತಾಯಿ, ಒಡಹುಟ್ಟಿದವರಿಗೆ ಸೋರಿಯಾಸಿಸ್ ಇದ್ದರೂ ಹೇಳಿ, ವೈದ್ಯರ ಲೆಕ್ಕದಲ್ಲಿ ಅದಕ್ಕೂ ಅಂಕ ಇದೆ.

ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಬಾತು, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಅದು ಯೂರಿಕ್ ಆಸಿಡ್‌ನ ಗೌಟ್ ಇರಬಹುದು. ಸೋರಿಯಾಸಿಸ್ ಇರುವವರಲ್ಲೂ ಯೂರಿಕ್ ಆಸಿಡ್ ಏರಿರುವುದುಂಟು, ಹಾಗಾಗಿ ಒಂದೇ ರಕ್ತಪರೀಕ್ಷೆ ನೋಡಿ ತೀರ್ಮಾನ ಬೇಡ.

ಜಾತ್ರಿಗೆ ಹೋಗಿ ಬಂದ್ ಮ್ಯಾಲೆ ಭೇದಿ ಆಗಿತ್ತು. ಹದಿನೈದು ದಿನಕ್ಕ ಮೊಣಕಾಲು ಬಾತ್ತು. ಹಿಂಗೂ ಆಗ್ತೇತೇನು?

ಆಗುತ್ತದೆ. ಅದು ರಿಯಾಕ್ಟಿವ್ ಆರ್ಥ್ರೈಟಿಸ್ ಇರಬಹುದು. ಸಾಲ್ಮೊನೆಲ್ಲಾ, ಶಿಗೆಲ್ಲಾದಂಥ ಕ್ರಿಮಿಗಳ ಭೇದಿಯೋ, ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕೋ ಆದ ಒಂದರಿಂದ ನಾಲ್ಕು ವಾರದಲ್ಲಿ ಬರುತ್ತದೆ. ಕ್ರಿಮಿ ಕೀಲಿನಲ್ಲಿ ಕೀವು ಮಾಡಿರುವುದಿಲ್ಲ. ಅದರ ವಿರುದ್ಧ ಎದ್ದ ಮೈಯ ಸಿಟ್ಟು ಕೀಲಿಗೆ ತಾಗಿರುತ್ತದೆ. ಜೊತೆಗೆ ಕಣ್ಣು ಕೆಂಪಾಗುವುದು, ಮೂತ್ರ ಉರಿಯುವುದು ಇರಬಹುದು. ಬಹುತೇಕರಿಗೆ ಆರು ತಿಂಗಳು, ವರ್ಷದೊಳಗೆ ವಾಸಿಯಾಗುತ್ತದೆ. ಮೂತ್ರ ಉರಿ, ಸ್ರಾವ ಇದ್ದರೆ ವೈದ್ಯರಿಗೆ ನಾಚದೆ ಹೇಳಬೇಕು, ಜೋಡಿಗೂ ಚಿಕಿತ್ಸೆ ಬೇಕಾಗುತ್ತದೆ.

ಒಂದೇ ಕೀಲು ಬಾತು ಜೋರು ಜ್ವರ ಇದ್ದರೆ ಮಾತ್ರ ಕಾಯಬೇಡಿ. ಕೀಲಿನೊಳಗೆ ಕೀವಾಗಿರಬಹುದು, ಸೂಜಿ ಹಾಕಿ ನೀರು ತೆಗೆದು ನೋಡಬೇಕು.

ಚಿಕೂನ್‌ಗುನ್ಯಾ ಬೇರೆ. 2006ರಲ್ಲಿ ಉತ್ತರ ಕರ್ನಾಟಕದ ಓಣಿ ಓಣಿಯಲ್ಲಿ ಜನ ಬಗ್ಗಿಕೊಂಡು ನಡೆದದ್ದು ನಮಗೆಲ್ಲ ನೆನಪಿದೆ. ಅದರಲ್ಲಿ ಮೊದಲು ಜ್ವರ, ಕೂಡಲೇ ಎರಡೂ ಕೈಕಾಲಿನ ಸಣ್ಣ ಕೀಲುಗಳ ನೋವು. ತಿಂಗಳುಗಟ್ಟಲೆ ಉಳಿದರೆ ರುಮಟಾಯ್ಡ್ ತರಹವೇ ಕಾಣುತ್ತದೆ.

ಹೊಟ್ಟಿ ಕೆಟ್ಟಿದ್ದಕ್ಕೂ ಟೊಂಕಕ್ಕೂ ನಂಟೈತಿ ಅಂತಾರಲ್ಲ?

ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಎಂಬ ಕರುಳಿನ ಉರಿಯೂತಗಳಿಗೆ ನಂಟಿದೆ. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ತೂಕ ಇಳಿಕೆ ಇದ್ದರೆ ಕೀಲಿನ ವೈದ್ಯರಿಗೆ ಮೊದಲೇ ಹೇಳಿ. ಇವರಿಗೆ ನೋವಿನ ಗುಳಿಗೆಗಳೂ, ನಮ್ಮ ಕಾಯಿಲೆಗೆ ಕೊಡುವ ಕೆಲವು ಇಂಜೆಕ್ಷನ್‌ಗಳೂ ಕರುಳನ್ನು ಕೆರಳಿಸಬಲ್ಲವು.

ಕಣ್ಣು ಕೆಂಪಾಗೈತಿ. ಮದ್ರಾಸ್ ಐ ಇರ್ಬೇಕಲ್ಲ?

ಒಂದೇ ಕಣ್ಣು ಕೆಂಪಾಗಿ, ಪಿಸುರಿಲ್ಲದೆ, ಒಳಗೆ ನೋವಿದ್ದು, ಬೆಳಕು ನೋಡಲು ಆಗದೆ, ದೃಷ್ಟಿ ಮಬ್ಬಾದರೆ ಅದು ಯುವೈಟಿಸ್, ಅಂದರೆ ಕಣ್ಣಿನ ಒಳಗಿನ ಉರಿಯೂತ, ಇರಬಹುದು. ಬೆನ್ನಿನ ಈ ಕಾಯಿಲೆ ಇರುವ ಮೂರು ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಯಾವಾಗಲಾದರೂ ಬರುತ್ತದೆ. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡು ಕಾಯಬೇಡಿ, ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ನನ್ನ ಸೋದರಮಾವನಿಗೆ ವರ್ಷಕ್ಕೊಮ್ಮೆ ಹೀಗಾಗುತ್ತಿತ್ತು. ಕಣ್ಣಿಗೂ ಅವರ ಬಾಗಿದ ಬೆನ್ನಿಗೂ ಸಂಬಂಧ ಇದೆಯೆಂದು ಯಾರೂ ಜೋಡಿಸಲಿಲ್ಲ. ಕೊನೆಗೆ ಒಂದು ಕಣ್ಣಿನ ದೃಷ್ಟಿ ಅರ್ಧ ಹೋಯಿತು.

ನಮ್ಮೂರು ಮುಂಡರಗಿ ಕಡೆ. ಊರಾಗ ಭಾಳ ಮಂದಿಗೆ ಬೆನ್ನು ಬಿಗದೈತಿ. ಎಲ್ಲಾರಿಗೂ ಇದಽ ರೋಗನಾ?

ಒಂದೇ ಊರಿನಲ್ಲಿ ಬಹಳ ಜನರ ಬೆನ್ನು ಬಿಗಿದಿದ್ದರೆ ಮೊದಲು ಕುಡಿಯುವ ನೀರನ್ನು ನೋಡಬೇಕು. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ಬಹಳ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬು ದಟ್ಟವಾಗಿ, ಅವನ್ನು ಬಿಗಿದಿಡುವ ನಾರುಗಳಿಗೆ ಸುಣ್ಣ ಕಟ್ಟುತ್ತದೆ. ಆಗ ಬೆನ್ನು ಕುತ್ತಿಗೆ ಸೆಟೆದು ನೋಡಲಿಕ್ಕೆ ಥೇಟ್ ನಮ್ಮ ಕಾಯಿಲೆಯಂತೆಯೇ. ಹಲ್ಲಿನ ಮೇಲೆ ಕಂದು ಗೆರೆ ಇದೆಯೇ? ಮುಂಗೈ ಎಕ್ಸ್‌ರೇಯಲ್ಲಿ ಎರಡು ಎಲುಬಿನ ನಡುವಿನ ಪೊರೆ ಸುಣ್ಣಗಟ್ಟಿದೆಯೇ? ನೀರು ಮತ್ತು ಮೂತ್ರದ ಫ್ಲೋರೈಡ್ ಎಷ್ಟು? ಇವು ಬಿಡಿಸಿ ಹೇಳುತ್ತವೆ. ಇದಕ್ಕೆ ಉರಿಯೂತದ ಇಂಜೆಕ್ಷನ್ ಕೊಟ್ಟರೆ ಪ್ರಯೋಜನ ಇಲ್ಲ, ನೀರು ಬದಲಾಗಬೇಕು. ನೀವು ಎಲ್ಲಿಯವರು, ಯಾವ ನೀರು ಕುಡಿದು ಬೆಳೆದವರು ಎಂದು ಹೇಳುವುದನ್ನು ಮರೆಯಬೇಡಿ. ಹೊರಗಿನಿಂದ ಬಂದ ವೈದ್ಯರಿಗೆ ಅದು ಹೊಳೆಯದೇ ಇರಬಹುದು.

ವೇಷ ಹಾಕಿಕೊಂಡು ಬರುವ ಇನ್ನೆರಡನ್ನು ನಮ್ಮ ಜಿಲ್ಲೆಗಳಲ್ಲಿ ಮರೆಯುವಂತಿಲ್ಲ. ಒಂದು ಕ್ಷಯ. ಬೆನ್ನೆಲುಬಿಗೂ ಬರುತ್ತದೆ, ಎಸ್‌ಐ ಕೀಲಿಗೂ ಬರುತ್ತದೆ, ಅಲ್ಲಿ ಸಾಮಾನ್ಯವಾಗಿ ಒಂದೇ ಬದಿಗೆ. ಎರಡನೆಯದು ಬ್ರೂಸೆಲ್ಲಾ. ಎಮ್ಮೆ, ಆಕಳು, ಆಡು ಸಾಕಿದವರು, ಹಸಿ ಹಾಲು ಕುಡಿಯುವವರು, ಕಂದು ಹಾಕಿದ ದನದ ಮಾಸು ಬರಿಗೈಲಿ ತೆಗೆದವರಲ್ಲಿ ಬರುವ ಸೋಂಕು. ಬಿಟ್ಟು ಬಿಟ್ಟು ಜ್ವರ, ಮೈಯೆಲ್ಲ ಬೆವರು, ಟೊಂಕ ಹಿಡಿಯುವುದು. ಎಂಆರ್‌ಐಯಲ್ಲಿ ಎಸ್‌ಐ ಕೀಲಿನ ಊತವೇ ಕಾಣುತ್ತದೆ. ಆದರೆ ಇದಕ್ಕೆ ಬೇಕಾದದ್ದು ಆರು ವಾರಕ್ಕೆ ಕಡಿಮೆಯಿಲ್ಲದ ಆ್ಯಂಟಿಬಯೋಟಿಕ್. ಕ್ಷಯವನ್ನೋ ಇದನ್ನೋ ನಮ್ಮ ಕಾಯಿಲೆಯೆಂದು ತಿಳಿದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟರೆ ಅನಾಹುತ. ಮನೆಯಲ್ಲಿ ದನ ಇವೆಯೇ ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಅರವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವವರ ಬೆನ್ನಿನಲ್ಲಿ ಎಲುಬಿನ ಸೇತುವೆಗಳು ಕಂಡರೆ ಅದು ಡಿಶ್ ಎಂಬ ಬೇರೆಯೇ ಸಂಗತಿ. ಅದರಲ್ಲಿ ಎಸ್‌ಐ ಕೀಲು ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಇದು ಗಂಡಸರ ರೋಗ ಅಂತ ಕೇಳೀನಿ. ಹೆಣ್ಣಮಕ್ಕಳಿಗೆ ಬರ್ತೇತೇನ್ರೀ ಅಕ್ಕಾರ?

ಬರುತ್ತದೆ, ನಾನೇ ಇದ್ದೇನಲ್ಲ. ಎಕ್ಸ್‌ರೇಯಲ್ಲಿ ಕಾಣುವ ಬಗೆ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಕಾಣದ ಬಗೆ ಇಬ್ಬರಲ್ಲೂ ಹೆಚ್ಚುಕಡಿಮೆ ಸಮ. ಹಳೆಯ ಪುಸ್ತಕಗಳಲ್ಲಿ ಗಂಡಸರ ರೋಗ ಎಂದಿದ್ದರಿಂದ ನಮ್ಮನ್ನು ಯಾರೂ ಹುಡುಕಲಿಲ್ಲ. ನಮಗೆ ಕುತ್ತಿಗೆ, ಭುಜ, ಮೈಯೆಲ್ಲ ನೋವು, ದಣಿವು ಹೆಚ್ಚು ತೋರುತ್ತದೆ, ಅದನ್ನು ಮನೆಗೆಲಸದ ಸುಸ್ತು ಎನ್ನುವುದು ಸುಲಭ. ಮಗು ಹುಟ್ಟಿದ ಮೇಲೆ ನನ್ನ ನೋವು ಹೆಚ್ಚಾದಾಗ ಅಜ್ಜಿ ಕುಡಿಸಿದ ಕಷಾಯ, ಕಟ್ಟಿದ ಟೊಂಕಪಟ್ಟಿ ಎಲ್ಲವೂ ಪ್ರೀತಿಯಿಂದಲೇ. ಆದರೆ ಬಾಣಂತನದ ನೋವು ತಿಂಗಳುಗಳಲ್ಲಿ ಇಳಿಯಬೇಕು. ಮಗುವಿಗೆ ಎರಡು ವರ್ಷವಾದರೂ ನಸುಕಿಗೆ ಎಬ್ಬಿಸುತ್ತಿದ್ದರೆ ತೋರಿಸಲೇಬೇಕು.

ಸಣ್ಣ ಹುಡುಗರಿಗೂ ಬರ್ತೇತೇನು?

ಹತ್ತು ಹನ್ನೆರಡು ವರ್ಷದ ಹುಡುಗ ಹಿಮ್ಮಡಿ ನೋವು, ಮೊಣಕಾಲು ಅಥವಾ ತೊಡೆಸಂದಿನ ನೋವು ಎಂದು ಬೆಳಿಗ್ಗೆ ಕುಂಟಿದರೆ, ಆಟಕ್ಕೆ ಇಳಿದ ಮೇಲೆ ಸರಿಯಾದರೆ, "ಬೆಳೆಯೋ ನೋವು" ಎಂದು ಬಿಡಬೇಡಿ. ಮಕ್ಕಳಲ್ಲಿ ಬೆನ್ನಿಗಿಂತ ಮೊದಲು ಕಾಲು ಹಿಡಿಯುತ್ತದೆ.

ಹೆಸರು ಯಾವ್ದಾದ್ರೇನ್ರೀ, ಗುಳಿಗಿ ಒಂದಽ ಅಲ್ಲೇನು?

ಅಲ್ಲವೇ ಅಲ್ಲ. ಇಷ್ಟು ಉದ್ದ ಬರೆದದ್ದೇ ಇದಕ್ಕಾಗಿ.

ರುಮಟಾಯ್ಡ್‌ಗೆ ಮೆಥೊಟ್ರೆಕ್ಸೇಟ್ ಮೊದಲ ಔಷಧ. ಬೆನ್ನಿನ ಕಾಯಿಲೆಯೊಂದೇ ಇದ್ದರೆ ಅದರಿಂದ ಲಾಭ ಇಲ್ಲ. ಸಲ್ಫಸಲಜಿನ್ ಕೈಕಾಲಿನ ಕೀಲಿಗೆ ನಡೆಯುತ್ತದೆ, ಬೆನ್ನಿಗೆ ನಡೆಯದು. ಬೆನ್ನಿಗೆ ಮೊದಲ ಔಷಧ ನ್ಯಾಪ್ರೊಕ್ಸೆನ್, ಎಟೊರಿಕಾಕ್ಸಿಬ್‌ನಂಥ ಉರಿಯೂತ ಇಳಿಸುವ ಗುಳಿಗೆ, ಪೂರ್ತಿ ಪ್ರಮಾಣದಲ್ಲಿ, ಕೆಲವು ವಾರ. ಒಂದು ಹಿಡಿಯದಿದ್ದರೆ ಇನ್ನೊಂದು. ಹೊಟ್ಟೆಹುಣ್ಣು, ಕಿಡ್ನಿ, ಬಿಪಿ ಇರುವವರು ವೈದ್ಯರಿಗೆ ಹೇಳದೆ ಮುಟ್ಟಬಾರದು. ಎರಡು ಗುಳಿಗೆಗೂ ಮಣಿಯದಿದ್ದರೆ ಉರಿಯೂತ ಹಚ್ಚುವ ಅಂಶವನ್ನೇ ತಡೆಯುವ ಬಯಾಲಜಿಕ್ ಇಂಜೆಕ್ಷನ್‌ಗಳು: ಅಡಲಿಮುಮಾಬ್, ಎಟನರ್ಸೆಪ್ಟ್, ಸೆಕುಕಿನುಮಾಬ್ ಇತ್ಯಾದಿ. ಇಲ್ಲೂ ಅಣ್ಣತಮ್ಮಂದಿರ ಭೇದ ಇದೆ. ಪದೇ ಪದೇ ಕಣ್ಣಿಗೆ ಬರುವವರಿಗೆ ಎಟನರ್ಸೆಪ್ಟ್‌ಗಿಂತ ಅಡಲಿಮುಮಾಬ್ ಮೇಲು. ಕರುಳಿನ ಉರಿಯೂತ ಇರುವವರಿಗೆ ಸೆಕುಕಿನುಮಾಬ್ ಬೇಡ. ಸೋರಿಯಾಸಿಸ್ ಚರ್ಮಕ್ಕೆ ಅದೇ ಸೆಕುಕಿನುಮಾಬ್ ತುಂಬ ಒಳ್ಳೆಯದು. ಇವು ದುಬಾರಿ. 2014ರ ಕೊನೆಗೆ ನಮ್ಮ ದೇಶದಲ್ಲೇ ಅಡಲಿಮುಮಾಬ್‌ನ ಬಯೋಸಿಮಿಲರ್ (ಮೂಲ ಔಷಧದ ತದ್ರೂಪಿನಂಥದ್ದು) ಬಂದ ಮೇಲೆ ಬೆಲೆ ಇಳಿಯಿತು, ಆದರೂ ಎಲ್ಲರ ಕೈಗೆ ಎಟುಕುವುದಿಲ್ಲ. ಶುರು ಮಾಡುವ ಮೊದಲು ಅಡಗಿದ ಕ್ಷಯ ಇದೆಯೇ, ಹೆಪಟೈಟಿಸ್ ಇದೆಯೇ ಎಂದು ನೋಡಲೇಬೇಕು. ಅವಸರ ಮಾಡಿ ಆ ಪರೀಕ್ಷೆ ಬಿಡಬೇಡಿ.

ದೊಡ್ಡಕ್ಷರದಲ್ಲಿ ಬರೆಯಬೇಕಾದ ಒಂದು ಮಾತು: ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿದರೆ ಜೀವಕ್ಕೆ ಅಪಾಯ. ವಾರದ ಯಾವ ದಿನವೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮನೆಯವರಿಗೂ ಹೇಳಿಡಿ.

ಪುಡಿ ಕಟ್ಟಿಕೊಡುವ "ವಾತದ ಔಷಧಿ"ಗಳಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ಎರಡು ದಿನದಲ್ಲಿ ಜಾದೂ ಆದರೆ ಅನುಮಾನಿಸಿ. ಬೆನ್ನಿನ ಕಾಯಿಲೆಗೆ ಸ್ಟೆರಾಯ್ಡ್ ಗುಳಿಗೆ ಸಲ್ಲದು. ಸೋರಿಯಾಸಿಸ್ ಇರುವವರು ಅದನ್ನು ಹಠಾತ್ ಬಿಟ್ಟರೆ ಚರ್ಮ ಭಯಂಕರ ಕೆರಳಬಹುದು.

ಇವೆಲ್ಲದರ ಜೊತೆ ದಿನಾ ವ್ಯಾಯಾಮ. ಬೀಡಿ ಸಿಗರೇಟು ಬಿಡಲೇಬೇಕು, ಬೆನ್ನೆಲುಬು ಬೆಸೆದುಕೊಳ್ಳುವುದಕ್ಕೆ ಅದು ಗೊಬ್ಬರ ಹಾಕಿದಂತೆ.

ಕಾಲು ಮುಂದಾಗಿ ಹುಟ್ಟಿದವರ ಕಡೆ ಟೊಂಕ ಒದಸ್ಕೊಂಡ್ರ ಬಿಡ್ತೇತಿ ಅಂತಾರ. ಒದಸ್ಕೊಳ್ಲೇನು?

ಕೈಮುಗಿದು ಕೇಳುತ್ತೇನೆ, ಬೇಡ. ಬಹಳ ವರ್ಷ ಕಾಯಿಲೆ ಇದ್ದ ಬೆನ್ನೆಲುಬು ಒಳಗೆ ಟೊಳ್ಳಾಗಿ, ಹೊರಗೆ ಬಿದಿರಿನ ಹಾಗೆ ಬೆಸೆದುಕೊಂಡಿರುತ್ತದೆ. ಸಣ್ಣ ಪೆಟ್ಟಿಗೂ ಮುರಿಯುತ್ತದೆ, ಮುರಿದರೆ ಬೆನ್ನುಹುರಿಗೂ ಪೆಟ್ಟು. ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ಲಟಕ್ಕನೆ ತಿರುಗಿಸುವುದೂ ಬೇಡ. ಇದು ರುಮಟಾಯ್ಡ್ ಇರುವವರಿಗೂ ಅನ್ವಯ. ಬಿಸಿನೀರು, ಮೆಲ್ಲನೆ ಎಣ್ಣೆ ಸವರುವುದು ತೊಂದರೆಯಿಲ್ಲ.

ಯಾರ ಹಂತ್ಯಾಕ ತೋರಿಸ್ಬೇಕು? ಏನೇನ್ ತಗೊಂಡು ಹೋಗ್ಬೇಕು?

ಈ ಕಾಯಿಲೆಗಳ ತಜ್ಞರಿಗೆ ರುಮಟಾಲಜಿಸ್ಟ್ ಎನ್ನುತ್ತಾರೆ. ಎಲುಬಿನ ಶಸ್ತ್ರವೈದ್ಯರು ಬೇರೆ. ಗದಗ, ಹಾವೇರಿಯವರು ಮೊದಲು ಅಲ್ಲಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ ಚೀಟಿ ಬರೆಸಿಕೊಳ್ಳಬಹುದು. ಹುಬ್ಬಳ್ಳಿಯ ವಿದ್ಯಾನಗರದ ಕಿಮ್ಸ್, ಅಂದರೆ ಈಗಿನ ಕೆಎಂಸಿಆರ್‌ಐ, ಮತ್ತು ಸತ್ತೂರಿನ ಎಸ್‌ಡಿಎಂ ಎರಡೂ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ದಾರಿಯಲ್ಲೇ ಇವೆ. ರುಮಟಾಲಜಿ ಓಪಿಡಿ ಯಾವ ದಿನ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಗಾಡಿಯಲ್ಲಿ ಎರಡು ತಾಸು ಕೂತು ಬಂದು, ಬೆನ್ನು ಸೆಟೆದುಕೊಂಡು, ತಿರುಗಿ ಹೋದವರನ್ನು ನೋಡಿದ್ದೇನೆ.

ಹಳೆಯ ಎಕ್ಸ್‌ರೇ, ಎಂಆರ್‌ಐ ಫಿಲ್ಮು ಎಲ್ಲ ಒಯ್ಯಿರಿ. ಬರೀ ರಿಪೋರ್ಟ್ ಹಾಳೆ ಸಾಲದು. ಬಾತ ಬೆರಳಿನದು, ಕೆಂಪಾದ ಕಣ್ಣಿನದು, ಚರ್ಮದ ಕಲೆಯದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತೋರಿಸುವ ದಿನ ಅವು ಇಳಿದುಬಿಟ್ಟಿರುತ್ತವೆ. ಒಂದು ವಾರ ಗಡಿಯಾರ ನೋಡಿ, ಬೆಳಗಿನ ಬಿಗಿತ ಬಿಡಲು ಎಷ್ಟು ನಿಮಿಷ ಬೇಕಾಯಿತೆಂದು ಬರೆಯಿರಿ. ಯಾವ ಗುಳಿಗೆ ತೆಗೆದುಕೊಂಡರೆ ಎಷ್ಟು ತಾಸಿಗೆ ಹಗುರಾಯಿತೆಂದೂ ಬರೆಯಿರಿ.

ನಾನು ಒಯ್ದ ಚೀಟಿಯ ಮೊದಲ ಸಾಲು ಹೀಗಿತ್ತು: "ನಸುಕಿನ ನಾಲ್ಕಕ್ಕೆ ಎಚ್ಚರ, ಅಂಗಳದಲ್ಲಿ ಅಡ್ಡಾಡಿದರೆ ಹಗುರ." ವೈದ್ಯರು ಅದನ್ನು ಓದಿ, ಎಂಆರ್‌ಐ ಕವರ್ ಇನ್ನೂ ಬಿಚ್ಚದೆ, "ನಿಮ್ಮ ಮನಿತನದಾಗ ಯಾರ್ದರ ಬೆನ್ನು ಬಾಗೇತೇನಮ್ಮಾ?" ಎಂದು ಕೇಳಿದರು.